ಒಂದು ಪ್ರನಾಳ ಮಾತ್ರ ಕಪ್ಪಾದಾಗ

ಅತ್ತಿಗುಪ್ಪೆಯ ಪ್ರೌಢಶಾಲೆಯಲ್ಲಿ ಅಭ್ಯಾಸ ಬೋಧನೆಯ ಎರಡನೇ ವಾರ. ಒಂಬತ್ತನೇ ತರಗತಿಗೆ ಹುರುಳಿಯಲ್ಲಿ ಟ್ಯಾನಿನ್ ಇದೆಯೆಂದು ತೋರಿಸುವ ಪಾಠ. ಹುರುಳಿ ನಮಗೆ ಸಾರು, ದನಕ್ಕೆ ಮೇವು. ಅದರ ಒಗರು ಮಕ್ಕಳಿಗೂ ಗೊತ್ತು. ಫೆರಿಕ್ ಕ್ಲೋರೈಡ್ ಹಾಕಿದರೆ ದ್ರಾವಣ ಹಸಿರುಗಪ್ಪಾಗುತ್ತದೆ ಎಂದು ಪಾಠಯೋಜನೆಯ ‘ತೀರ್ಮಾನ’ ಕಲಂನಲ್ಲಿ ಮೊದಲೇ ಬರೆದಿಟ್ಟಿದ್ದೆ.

ಅಂಗಡಿಯ ಕಂದು ಹುರುಳಿ ಕುದಿಸಿದ ನೀರು ಹಾಗೇ ಆಯಿತು. ಒಬ್ಬ ಹುಡುಗ ಮಾಗಡಿ ಕಡೆಯ ಅಜ್ಜಿಮನೆಯಿಂದ ಕಪ್ಪು ಹುರುಳಿ ತಂದಿದ್ದ. ಅವನ ಪ್ರನಾಳ ಮಸಿಯಂತಾಯಿತು.

‘ಹನಿ ಜಾಸ್ತಿ ಹಾಕಿದೀಯ, ತಪ್ಪು’ ಎಂದೆ.

‘ಇಲ್ಲ ಮಿಸ್, ಎರಡೇ ಹನಿ.’

ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಹಿಂದಿನ ಬೆಂಚಿನಲ್ಲಿ ಮೇಲ್ವಿಚಾರಕರು ಕೂತಿದ್ದರಲ್ಲ!

ಸಂಜೆ ಎರಡನ್ನೂ ಸಮ ತೂಕ, ಸಮ ನೀರು, ಎರಡೆರಡು ಹನಿ ಹಾಕಿ ಮಾಡಿ ನೋಡಿದೆ. ಮತ್ತೆ ಕಪ್ಪು ಹುರುಳಿಯದೇ ಗಾಢ. ಹುರುಳಿಯ ಟ್ಯಾನಿನ್ ಬಹುಪಾಲು ಸಿಪ್ಪೆಯಲ್ಲಿರುತ್ತದೆ. ತಳಿಯಿಂದ ತಳಿಗೆ ಪ್ರಮಾಣ ಬೇರೆ. ಅದು ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಮೇವಿನಲ್ಲಿ ಹೆಚ್ಚಾದರೆ ದನಕ್ಕೆ ಪ್ರೋಟೀನ್ ಸರಿಯಾಗಿ ದಕ್ಕದು, ಮಿತವಾಗಿದ್ದರೆ ಹೊಟ್ಟೆಯುಬ್ಬರ ತಡೆಯುತ್ತದೆ. ಬಿಎಸ್ಸಿಯಲ್ಲಿ ಓದಿದ್ದೇ ಇದೆಲ್ಲ; ತರಗತಿಯಲ್ಲಿ ನೆನಪಾಗಲಿಲ್ಲ.

ಮರುದಿನ ಎಲ್ಲರೆದುರೇ ‘ತಪ್ಪು ನಂದು ಕಣೋ’ ಎಂದೆ.

‘ಹಾಗಾದ್ರೆ ಕಪ್ಪಾದಷ್ಟೂ ಟ್ಯಾನಿನ್ ಜಾಸ್ತಿನಾ ಮಿಸ್?’

ಹೌದೆನ್ನಲು ಹೋಗಿ ತಡೆದೆ. ಬೇರೆ ಪಾಲಿಫೀನಾಲ್‌ಗಳೂ ಫೆರಿಕ್ ಕ್ಲೋರೈಡ್ ಜೊತೆ ಬಣ್ಣ ಕೊಡುತ್ತವೆ. ಬೀಜದ ಸ್ವಂತ ಬಣ್ಣವೂ ನೀರಿಗಿಳಿದಿರುತ್ತದೆ. ಹನಿ ಹಾಕದ ಒಂದು ಪ್ರನಾಳವನ್ನು ಪಕ್ಕದಲ್ಲಿ ಇಡಬೇಕಿತ್ತು, ಇಟ್ಟಿರಲಿಲ್ಲ. ಹಾಗೆಂದು ಹೇಳುವಷ್ಟರಲ್ಲಿ ಅವನೇ ಎದ್ದು ಬಂದು ಸ್ಟ್ಯಾಂಡಿನಿಂದ ಖಾಲಿ ಪ್ರನಾಳ ಎತ್ತಿಕೊಂಡ.