79ರಿಂದ 118ಕ್ಕೆ

ಸೂಪರ್‌ಚಾರ್ಜರ್ ಅನ್ನೋ ಪದ ಕಿವಿಗೆ ಬಿದ್ರೆ ಸಾಕು, ನಮ್ಮ ಹಾಸ್ಟೆಲ್‌ನಲ್ಲಿ ಸಿವಿಲ್‌ನವರೂ ಎದ್ದು ಕೂತು ಮಾತಾಡ್ತಾರೆ. "ಎಷ್ಟು ಎಚ್‌ಪಿ ಜಾಸ್ತಿ ಆಗುತ್ತೆ ಮಗಾ?" ಅನ್ನೋದೇ ಮೊದಲ ಪ್ರಶ್ನೆ. ಅದಕ್ಕೆ ಉತ್ತರ ಈ ಬರಹದ ಶೀರ್ಷಿಕೆಯಲ್ಲೇ ಇದೆ: 79 ಕಿಲೋವ್ಯಾಟ್ ಇದ್ದದ್ದು 118 ಆಯ್ತು, ಅಂದ್ರೆ 107 ಕುದುರೆ ಹೋಗಿ 160 ಬಂತು. ಆದ್ರೆ ಆ 53 ಕುದುರೆಗೆ ಹುಲ್ಲು, ಲಾಯ, ಲಗಾಮು ಎಲ್ಲಾ ಹೊಂದಿಸೋಕೆ ಹತ್ತು ತಿಂಗಳು ಬೇಕಾಯ್ತು. ಹೇಳಬೇಕಾದ್ದು ಆ ಹತ್ತು ತಿಂಗಳ ಕಥೆ.

ನಾವಿಬ್ಬರೂ ನಿಮ್ಮದೇ ಮೆಕ್ಯಾನಿಕಲ್ ವಿಭಾಗದ ಹಳೇ ವಿದ್ಯಾರ್ಥಿಗಳು. ಒಬ್ಬ ಹಾಸನದವನು, ಇನ್ನೊಬ್ಬ ಕುಂದಾಪುರದವನು. ಈಗ ಜರ್ಮನಿಯಲ್ಲಿ ಎಂಎಸ್ ಮಾಡ್ತಾ ಒಂದೇ ರೂಮಲ್ಲಿದ್ದೀವಿ. ಕೆಳಗಿನ ಮನೆಯಲ್ಲಿ ಕಾರ್ಖಾನೆಯೊಂದರಲ್ಲಿ ಟೂಲ್‌ಮೇಕರ್ ಆಗಿ ನಿವೃತ್ತರಾದ ಒಬ್ಬರಿದ್ದಾರೆ. ಎದುರಿಗೆ 'ಹೆರ್' ಸೇರಿಸಿ ಮನೆತನದ ಹೆಸರಿಂದ ಕರೀತೀವಿ. ನಮ್ಮ ನಮ್ಮಲ್ಲಿ ಮಾತ್ರ ಅವರು 'ಅಜ್ಜ'. ಅಜ್ಜನ ಗ್ಯಾರೇಜಿನಲ್ಲಿ 1988ರ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ ಒಂದು ಮುಸುಕು ಹೊದ್ದು ನಿಂತಿತ್ತು, ಎಂಜಿನ್ ಜಾಮ್ ಆಗಿ ವರ್ಷಗಳೇ ಆಗಿದ್ದವು. ಅದರ ಪಕ್ಕದಲ್ಲೇ ಗುಜರಿಗೆ ಹೋದ ಕೊರಾಡೋ ಗಾಡಿಯಿಂದ ಬಿಚ್ಚಿ ತಂದ ಜಿ60 ಎಂಜಿನ್. ಎರಡನ್ನೂ ಸೇರಿಸೋ ಆಸೆ ಅವರಿಗೆ ಬಹಳ ದಿನದಿಂದ ಇತ್ತು, ಆದ್ರೆ ಸಂಧಿವಾತದಿಂದ ಬೆರಳು ಮಡಚೋಕೇ ಆಗ್ತಿರಲಿಲ್ಲ. ಒಂದು ದಿನ ಕೇಳಿದ್ರು: "ತಲೆ ನನ್ನದು, ಕೈ ನಿಮ್ಮದು. ಆಗುತ್ತಾ?"

ಗಾಡಿ ಅವರಿಗೋಸ್ಕರ ಅಲ್ಲ. ಮೊಮ್ಮಗಳಿಗೆ ಲೈಸೆನ್ಸ್ ಬಂದಿತ್ತು, ಅವಳಿಗೆ ಕೊಡಬೇಕಿತ್ತು. ಮುಂದಿನ ಪ್ರತಿಯೊಂದು ತೀರ್ಮಾನದ ಹಿಂದೆಯೂ ಇದಿತ್ತು ಅನ್ನೋದನ್ನ ನೆನಪಿಟ್ಟುಕೊಳ್ಳಿ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. 1976ರಲ್ಲಿ ಬಂದ ಮೊದಲ ಗಾಲ್ಫ್ ಜಿಟಿಐಗೆ ಇದ್ದದ್ದು 1.6 ಲೀಟರ್, 110 ಕುದುರೆ ಶಕ್ತಿಯ ಎಂಜಿನ್. ಸಂಸಾರಸ್ಥರ ಪುಟ್ಟ ಹ್ಯಾಚ್‌ಬ್ಯಾಕ್, ಹಿಂದೆ ತರಕಾರಿ ಚೀಲ ಇಡೋ ಡಿಕ್ಕಿ, ಆದ್ರೆ ಓಟ ಮಾತ್ರ ಸ್ಪೋರ್ಟ್ಸ್ ಕಾರಿನದ್ದು. 'ಹಾಟ್ ಹ್ಯಾಚ್' ಅನ್ನೋ ಜಾತಿ ಮನೆಮಾತಾಗಿದ್ದು ಇದರಿಂದಲೇ. ನಮ್ಮೂರ ಕಡೆ 2001ರ ಹೊತ್ತಿಗೆ ಬಂದ ಫಿಯಟ್ ಪಾಲಿಯೋ 1.6 ನೆನಪಿರೋರಿಗೆ ಅದರ ರುಚಿ ಗೊತ್ತು.

ಎರಡನೇ ತಲೆಮಾರಿನ ಗಾಲ್ಫ್‌ಗೆ ಫೋಕ್ಸ್‌ವ್ಯಾಗನ್‌ನವರೇ ಸೂಪರ್‌ಚಾರ್ಜರ್ ಇರೋ ಜಿ60 ಎಂಜಿನ್ ಹಾಕಿ ಮಾರಿದ್ದರು. ಅದರ ಚಾರ್ಜರ್ ಹೆಸರು 'ಜಿ-ಲಾಡರ್'. ಒಳಗಿನ ಸುರುಳಿ ಇಂಗ್ಲಿಷಿನ ಜಿ ಅಕ್ಷರದ ಹಾಗಿದೆ, ಸುರುಳಿಯ ಅಗಲ 60 ಮಿಲಿಮೀಟರ್, ಅದಕ್ಕೇ ಜಿ60. ಈ ತತ್ವಕ್ಕೆ ಫ್ರಾನ್ಸಿನ ಲಿಯೋನ್ ಕ್ರೂ 1905ರಲ್ಲೇ ಪೇಟೆಂಟ್ ಪಡೆದಿದ್ದರು. ಒಳಗಿನ ಸುರುಳಿ ತನ್ನ ಸುತ್ತ ತಾನು ತಿರುಗಲ್ಲ. ಒರಳಲ್ಲಿ ರುಬ್ಬುಗುಂಡು ಅಂಚು ಸವರಿಕೊಂಡು ಹೋಗೋ ಹಾಗೆ ಸುತ್ತು ಹಾಕುತ್ತೆ. ಅಂಚಲ್ಲಿ ಸಿಕ್ಕಿಬಿದ್ದ ಗಾಳಿ ನಡುವಿಗೆ ತಳ್ಳಿಸಿಕೊಂಡು ಹೋಗಿ ಎಂಜಿನ್ ಕಡೆ ಹೊರಡುತ್ತೆ. ಇವತ್ತು ಎಷ್ಟೋ ಎಸಿಗಳಲ್ಲಿರೋ ಸ್ಕ್ರೋಲ್ ಕಂಪ್ರೆಸರ್‌ನದ್ದೂ ಇದೇ ತತ್ವ.

"ಹಳೇ ಎಂಜಿನ್ ರಿಪೇರಿ ಮಾಡಿ ಅದಕ್ಕೇ ಚಾರ್ಜರ್ ಹಾಕಬಹುದಿತ್ತಲ್ಲ?" ಅಂತ ಕೇಳ್ತೀರಿ. ಹಳೇದರ ಕಂಪ್ರೆಷನ್ ರೇಶಿಯೋ 10:1, ಜಿ60ದು 8:1. ಮೊದಲೇ ಹತ್ತು ಪಟ್ಟು ಅದುಮೋ ಸಿಲಿಂಡರ್‌ಗೆ ಅದುಮಿದ ಗಾಳಿಯನ್ನೇ ಕೊಟ್ರೆ ಪೆಟ್ರೋಲ್ ಹೊತ್ತಿಗೆ ಮುಂಚೆ ಸಿಡಿಯುತ್ತೆ, ನಾಕಿಂಗ್ ಶುರುವಾಗುತ್ತೆ, ಪಿಸ್ಟನ್ ಹೋಗುತ್ತೆ.

ಮೂರನೇ ಸೆಮ್‌ನ ಥರ್ಮೋಡೈನಮಿಕ್ಸ್ ಪುಸ್ತಕ ನೆನಪಾಗಿದ್ದು ಇಂಟರ್‌ಕೂಲರ್ ವಿಷಯದಲ್ಲಿ. ಬೂಸ್ಟ್ ಸುಮಾರು 0.7 ಬಾರ್, ಅಂದ್ರೆ ಪ್ರೆಷರ್ ರೇಶಿಯೋ 1.7. ಹೊರಗಿನ ಗಾಳಿ 20 ಡಿಗ್ರಿ ಇದ್ರೆ ಐಸೆಂಟ್ರಾಪಿಕ್ ಲೆಕ್ಕದಲ್ಲೇ 68 ಡಿಗ್ರಿ ಆಗುತ್ತೆ. ದಕ್ಷತೆ 65 ಪರ್ಸೆಂಟ್ ಅಂತ ಇಟ್ಟುಕೊಂಡ್ರೆ 94. ಹತ್ತಿರ ಹತ್ತಿರ ಕುದಿಯೋ ನೀರಿನ ಬಿಸಿ! ಆ ಲೆಕ್ಕವನ್ನ ಅಜ್ಜನಿಗೆ ಕಾಗದದ ಮೇಲೆ ತೋರಿಸಿದ್ವಿ. ಅವರು ಕನ್ನಡಕ ಮೇಲೆತ್ತಿ ನೋಡಿ, "ಸರಿ ಇದೆ. ಈಗ ಇಂಟರ್‌ಕೂಲರ್ ಬಿಚ್ಚಿ, ಒಳಗಿನ ಎಣ್ಣೆ ತೊಳೀರಿ" ಅಂದ್ರು. ಪರೀಕ್ಷೆಯಲ್ಲಿ ಹತ್ತು ಅಂಕದ ಪ್ರಶ್ನೆ ಗ್ಯಾರೇಜಲ್ಲಿ ಒಂದು ಬಕೆಟ್ ಕೆಲಸ ಆಯ್ತು.

ಆದ್ರೆ ಎಂಜಿನ್ ಕೆಲಸಕ್ಕೆ ಅಜ್ಜ ತಿಂಗಳುಗಟ್ಟಲೆ ಬಿಡಲೇ ಇಲ್ಲ. ಮೊದಲು ತುಕ್ಕು. ಇಲ್ಲಿ ಚಳಿಗಾಲದಲ್ಲಿ ಹಿಮ ಕರಗಿಸೋಕೆ ರಸ್ತೆಗೆ ಉಪ್ಪು ಹಾಕ್ತಾರೆ, ಅದು ಗಾಡಿಯ ಅಡಿಭಾಗ ತಿನ್ನುತ್ತೆ. ಕುಂದಾಪುರದವನಿಗೆ ಇದು ಹೊಸದೇನಲ್ಲ, ಕಡಲ ಗಾಳಿಗೆ ಗೇಟು, ಸೈಕಲ್ಲು ಎಲ್ಲಾ ಕರಗೋದನ್ನ ನೋಡಿ ಬೆಳೆದವನು. ಬಾಗಿಲ ಕೆಳಗಿನ ಪಟ್ಟಿ, ಪೆಟ್ರೋಲ್ ಹಾಕೋ ಬಾಯಿಯ ಸುತ್ತ, ಎಲ್ಲಾ ಕೊಯ್ದು ಹೊಸ ಶೀಟ್ ಬೆಸೆಯಬೇಕಿತ್ತು. ಒಂದು ಮಿಲಿಮೀಟರ್‌ಗೂ ತೆಳ್ಳಗಿನ ಶೀಟದು. ಉದ್ದಕ್ಕೆ ವೆಲ್ಡ್ ಎಳೆದ್ರೆ ಬಿಸಿಗೆ ಸೊಟ್ಟಗಾಗುತ್ತೆ, ಹಾಗಾಗಿ ಇಲ್ಲೊಂದು ಚುಕ್ಕಿ, ಅಲ್ಲೊಂದು ಚುಕ್ಕಿ, ಆರೋವರೆಗೂ ಕಾಯೋದು. ಫಸ್ಟ್ ಇಯರ್ ವರ್ಕ್‌ಶಾಪಲ್ಲಿ ಫೈಲ್ ಹಿಡಿದು ವಿ-ಫಿಟ್ಟಿಂಗ್ ಉಜ್ಜುವಾಗ "ಇದ್ರಿಂದ ಏನ್ ಉಪಯೋಗ?" ಅಂತ ಎಲ್ಲರೂ ಗೊಣಗ್ತೀವಲ್ಲ, ಆ ಉಪಯೋಗ ನಮಗೆ ಇಲ್ಲಿ ಸಿಕ್ತು.

ತುಕ್ಕು ಮುಗೀತು, ಆಮೇಲೆ ಬ್ರೇಕು. ಹಳೇ ಜಿಟಿಐನ ಮುಂದಿನ ಡಿಸ್ಕ್ 239 ಮಿಲಿಮೀಟರ್, ಜಿ60ದು 280. "ನಿಲ್ಲಿಸೋಕೆ ಬರದ ಗಾಡಿಯನ್ನ ಓಡಿಸೋಕೆ ಕೊಡಲ್ಲ" ಅಂತ ಅಜ್ಜ ದೊಡ್ಡ ಡಿಸ್ಕ್, ಕ್ಯಾಲಿಪರ್, ಅದಕ್ಕೆ ಹೊಂದೋ ಚಕ್ರ ಎಲ್ಲಾ ತರಿಸಿದ್ರು. ಅಷ್ಟಕ್ಕೇ ಮುಗೀಲಿಲ್ಲ. ಹೊಸ ಎಂಜಿನ್ ಜೊತೆ ಬಂದ ಗೇರ್‌ಬಾಕ್ಸಿಗೆ ಹೈಡ್ರಾಲಿಕ್ ಕ್ಲಚ್, ಹಳೇ ಗಾಡಿಯದ್ದು ಕೇಬಲ್ ಕ್ಲಚ್. ಹಾಗಾಗಿ ಪೆಡಲ್ ಜೋಡಣೆ ಬದಲಾಯಿಸಬೇಕು. ಗೇರ್ ಲಿವರ್ ಬದಲಾಯಿಸಬೇಕು. ಎಂಜಿನ್ ಮೌಂಟ್, ಆ್ಯಕ್ಸಲ್, ವೈರಿಂಗ್, ರೇಡಿಯೇಟರ್... ಒಂದನ್ನ ಮುಟ್ಟಿದ್ರೆ ಪಕ್ಕದ್ದು "ನನ್ನ ಗತಿ ಏನು?" ಅಂತ ಕೇಳುತ್ತೆ. ಹೆಚ್ಚಿಸಿದ ಶಕ್ತಿ ಎಂಜಿನ್ನಿನಿಂದ ನೆಲದವರೆಗೆ ಹೋಗೋ ದಾರಿಯಲ್ಲಿ ಯಾರ್ಯಾರ ಮೇಲೆ ಭಾರ ಹಾಕುತ್ತೆ ಅಂತ ಪಟ್ಟಿ ಮಾಡಿದ್ವಿ. ಗೋಡೆಗೆ ಅಂಟಿಸಿದ ಆ ಪಟ್ಟಿ ಮೂರು ಹಾಳೆ ಆಯ್ತು.

ಕೊನೆಗೆ ಚಾರ್ಜರ್ ಬಿಚ್ಚಿದ್ವಿ. ಸುರುಳಿಯ ತುದಿಯಲ್ಲಿ ಗಾಳಿ ಸೋರದ ಹಾಗೆ ತಡೆಯೋ ಸಣ್ಣ ಸೀಲ್ ಪಟ್ಟಿಗಳು ಸವೆದಿದ್ದವು. ಜಿ-ಲಾಡರ್‌ನ ಮರ್ಮ ಇರೋದೇ ಅಲ್ಲಿ: ಕಾಲಕಾಲಕ್ಕೆ ಸೀಲ್, ಬೇರಿಂಗ್, ಒಳಗಿನ ಪುಟ್ಟ ಹಲ್ಲಿನ ಬೆಲ್ಟ್ ಬದಲಾಯಿಸಬೇಕು. ಆ ಬೆಲ್ಟ್ ಕಡಿದ್ರೆ ಎರಡು ಶಾಫ್ಟ್‌ಗಳ ತಾಳ ತಪ್ಪಿ ಸುರುಳಿಯೇ ಪುಡಿಯಾಗುತ್ತೆ. ಅಜ್ಜ ಕುರ್ಚಿಯಲ್ಲಿ ಕೂತು ಹೇಳ್ತಾ ಹೋದ್ರು, ನಾವು ಒಂದೊಂದೇ ಪಟ್ಟಿ ಕೂರಿಸಿದ್ವಿ. ಒಂದು ಸಲ ಅವರೇ ಕೈ ಚಾಚಿ ಒಂದು ಸೀಲ್ ಎತ್ತಿಕೊಂಡ್ರು. ಬೆರಳಲ್ಲಿ ನಿಲ್ಲಲಿಲ್ಲ, ಜಾರಿ ಮೇಜಿನ ಮೇಲೆ ಬಿತ್ತು. ಏನೂ ಮಾತಾಡದೆ ಅದನ್ನ ನಮ್ಮ ಕಡೆ ತಳ್ಳಿದ್ರು. ಆ ಶನಿವಾರ ಗ್ಯಾರೇಜಿನಲ್ಲಿ ಹೆಚ್ಚು ಮಾತಿರಲಿಲ್ಲ.

ಚಿಕ್ಕ ಪುಲ್ಲಿ ಹಾಕಿ ಚಾರ್ಜರ್ ಇನ್ನೂ ಜೋರಾಗಿ ತಿರುಗಿಸಿ ಬೂಸ್ಟ್ ಹೆಚ್ಚಿಸೋದು ಜಿ60 ಪ್ರಿಯರ ಹಳೇ ಚಾಳಿ. ನಾವು ಕಂಪನಿಯ ಅಳತೆಯ ಪುಲ್ಲಿಯನ್ನೇ ಉಳಿಸಿದ್ವಿ. ವೇಗ ಹೆಚ್ಚಾದಷ್ಟೂ ಸೀಲ್ ಬೇಗ ಸವೆಯುತ್ತೆ, ಗಾಳಿ ಬಿಸಿಯಾಗುತ್ತೆ. ಓಡಿಸೋಳು ಹೊಸ ಲೈಸೆನ್ಸಿನ ಹುಡುಗಿ.

ಈಗ ನಿಮಗೆಲ್ಲ ಬೇಕಾದ ವಿಷಯ: ಇದೆಲ್ಲ ಕಾನೂನುಬದ್ಧವಾ? ಜರ್ಮನಿಯಲ್ಲಿ ಎಂಜಿನ್ ಬದಲಿಸಬಹುದು, ಆದ್ರೆ ಅಧಿಕೃತ ತಪಾಸಕರಿಂದ ಗಾಡಿಯನ್ನ ಪರೀಕ್ಷಿಸಿ ದಾಖಲೆಗೆ ಸೇರಿಸಬೇಕು. ನಮ್ಮ ತಪಾಸಕರು ಎಂಜಿನ್ ನಂಬರ್ ನೋಡಿದ್ರು, ಹೊಗೆ ಅಳೆದ್ರು, ಬ್ರೇಕ್ ಅನ್ನ ರೋಲರ್ ಮೇಲೆ ಪರೀಕ್ಷಿಸಿದ್ರು, ಗಾಡಿಯನ್ನ ಮೇಲೆತ್ತಿ ನಮ್ಮ ಒಂದೊಂದು ವೆಲ್ಡ್ ಮೇಲೂ ಟಾರ್ಚ್ ಹಾಯಿಸಿದ್ರು. ಅದೇ ಮಾದರಿಯ ಗಾಡಿಗೆ ಅದೇ ಎಂಜಿನ್ ಕಂಪನಿಯಿಂದಲೇ ಬಂದಿದ್ದರಿಂದ, ಬ್ರೇಕೂ ಅದರದ್ದೇ ಇದ್ದಿದ್ದರಿಂದ, ಅವರಿಗೆ ಹೋಲಿಸಿ ನೋಡೋಕೆ ಒಂದು ಆಧಾರ ಇತ್ತು. 79 ಇದ್ದ ಕಡೆ 118 ಅಂತ ದಾಖಲಾಯ್ತು. ಕೆಳಗೆ ಅವರ ಸಹಿ. ಆ ಸಹಿಗೆ ಒಂದು ಹೊಣೆ ಇದೆ ಅನ್ನೋದನ್ನ ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು.

ನಮ್ಮ ದೇಶದಲ್ಲಿ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದೆ. ತಯಾರಕರು ನಮೂದಿಸಿದ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿ ಮಾರ್ಪಡಿಸೋ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ. ಹಾಗಂತ ಮಾರ್ಪಾಡು ನಿಂತಿದೆಯಾ? ಸಂಜೆ ಕಾಲೇಜು ಗೇಟ್ ಹತ್ತಿರ ನಿಂತ್ರೆ ಕಿವಿಗೇ ಗೊತ್ತಾಗುತ್ತೆ. ಕದ್ದು ಮಾಡಿದ ಕೆಲಸಕ್ಕೆ ತಪಾಸಣೆ ಇಲ್ಲ, ಡಿಸ್ಕ್ ಅಳತೆ ಕೇಳೋರಿಲ್ಲ, ಸಹಿ ಹಾಕೋರಿಲ್ಲ. ಹಿಂದಿನ ಸೀಟಲ್ಲಿ ಕೂರೋ ಗೆಳೆಯನಿಗೆ ಇದ್ಯಾವುದೂ ಗೊತ್ತಿರಲ್ಲ.

ಕೈ ತುರಿಸ್ತಿದ್ರೆ ಕ್ಯಾಂಪಸ್ಸಿನಲ್ಲೇ ದಾರಿ ಇದೆ. ಬಾಹಾ ತಂಡ ಸೇರಿ, ಫಾರ್ಮುಲಾ ಸ್ಟೂಡೆಂಟ್ ತಂಡ ಸೇರಿ. ಅಲ್ಲೂ ಗಾಡಿ ಟ್ರ್ಯಾಕಿಗೆ ಇಳಿಯೋ ಮೊದಲು ಬ್ರೇಕ್ ಪರೀಕ್ಷೆ ಪಾಸಾಗಲೇಬೇಕು.

ಸೆಪ್ಟೆಂಬರಿನ ಒಂದು ಭಾನುವಾರ ಅಜ್ಜ ಮೊಮ್ಮಗಳ ಕೈಗೆ ಕೀ ಕೊಟ್ರು. ಅವಳ ಪಕ್ಕ ತಾವು ಕೂತ್ರು, ಹಿಂದೆ ನಾವಿಬ್ಬರು ಮಂಡಿ ಮಡಚಿಕೊಂಡು ಕೂತ್ವಿ. ಖಾಲಿ ರಸ್ತೆಗೆ ಬಂದ ಮೇಲೆ ಅವರು ಮೊದಲು ಹೇಳಿದ್ದು, "50ಕ್ಕೆ ತಗೊಂಡು ಹೋಗಿ ಗಟ್ಟಿಯಾಗಿ ಬ್ರೇಕ್ ಒತ್ತು." ಅವಳು ಒತ್ತಿದಳು. ಗಾಡಿ ನೆಟ್ಟಗೆ, ಒಂದಿಷ್ಟೂ ಎಳೆಯದೆ ನಿಂತಿತು. "ಇನ್ನೊಂದು ಸಲ" ಅಂದ್ರು. ಮತ್ತೆ ನಿಂತಿತು. ಆಮೇಲೆ ಸೀಟಿಗೆ ಒರಗಿ, "ಈಗ ಹೋಗು" ಅಂದ್ರು. ಮೂರನೇ ಗೇರಿನಲ್ಲಿ ಚಾರ್ಜರ್ ಸಣ್ಣಗೆ ಕೂಗೋಕೆ ಶುರು ಮಾಡಿತು.