ಅರ್ಧಕ್ಕೆ ನಿಂತ ಲೋರಿ

ನಿಂಬರ್ಗಾದ ನಮ್ಮ ಮನೆಯಲ್ಲಿ ದಾದಿಮಾ ತಂಗಿಗೆ ಹಾಡಿದ ಲೋರಿ ಅಬ್ಬಾ ಅವರ ಮೊಬೈಲಿನಲ್ಲಿದೆ. ಕೆಮ್ಮು ಬಂದು ಅರ್ಧಕ್ಕೇ ನಿಂತಿದೆ. ದಾದಿಮಾ ಈಗಿಲ್ಲ. "ಆ್ಯಪ್‌ನಲ್ಲಿ ಕೆಮ್ಮು ತೆಗೆದು, ಅವರ ದನಿಯಲ್ಲೇ ಪೂರ್ತಿ ಮಾಡಿ ಎಲ್ಲರಿಗೂ ಕಳಿಸೋಣ" ಎಂದರು ಭಾಯಿಜಾನ್.

ನನಗೆ ‘ಜೇಮ್ಸ್’ ನೆನಪಾಯಿತು. ಪುನೀತ್ ರಾಜ್‌ಕುಮಾರ್ 2021ರಲ್ಲಿ ತೀರಿಕೊಂಡಾಗ ಅದರ ಡಬ್ಬಿಂಗ್ ಬಾಕಿಯಿತ್ತು. 2022ರ ಮಾರ್ಚ್ 17ರಂದು, ಅವರ ಹುಟ್ಟುಹಬ್ಬದ ದಿನ, ಅಣ್ಣ ಶಿವರಾಜ್‌ಕುಮಾರ್ ದನಿಯಲ್ಲಿ ಚಿತ್ರ ತೆರೆಕಂಡಿತು. ಮುಂದಿನ ತಿಂಗಳು ತಂತ್ರಜ್ಞಾನದಿಂದ ಅಪ್ಪು ದನಿಯನ್ನೇ ಕೂಡಿಸಿ ಮತ್ತೆ ಬಿಡುಗಡೆ ಮಾಡಿದರು. ಆ ಚಿತ್ರವನ್ನು ಅಪ್ಪು ನಮಗೆಲ್ಲ ತೋರಿಸಲೆಂದೇ ಮಾಡುತ್ತಿದ್ದರು. ದಾದಿಮಾ ಹಾಡಿದ್ದು ತಂಗಿಯೊಬ್ಬಳಿಗೆ.

"ಬೇಡ ಭಾಯಿ" ಎಂದೆ. ಅಬ್ಬಾ ಮಾತಾಡದೆ ಮೊಬೈಲನ್ನು ತಂಗಿಯ ಕಿವಿಗಿಟ್ಟರು. ಕೆಮ್ಮು ಕೇಳಿದ ಕೂಡಲೆ ಅವಳು, "ದಾದಿಮಾ, ಪಾನಿ ಪೀಲೋ" ಎಂದಳು.

ಭಾಯಿಜಾನ್ ಮತ್ತೆ ಆ ಮಾತೆತ್ತಲಿಲ್ಲ.