ವೈದ್ಯರ ಚೀಟಿಯೂ ಕೊಲೆಸ್ಟರಾಲಿನ ಗುಳಿಗೆಯೂ

ತಲೆ ನೋಯುವವನಿಗೆ ತನ್ನ ತಲೆ ನೋಯುತ್ತಿರುವುದೆಂದು ಇನ್ನೊಬ್ಬರು ಹೇಳಬೇಕಾದುದಿಲ್ಲ. ಗುಳಿಗೆಯನ್ನು ನುಂಗಿದ ಮೇಲೆ ನೋವು ಅಡಗಿತೋ ಇಲ್ಲವೋ ಎಂಬುದಕ್ಕೂ ಅವನೇ ಸಾಕ್ಷಿ. ಅಂತಹ ಔಷಧವನ್ನು ವೈದ್ಯರ ಚೀಟಿಯಿಲ್ಲದೆ ಮಾರುವುದಕ್ಕೆ ಯಾರೂ ಹೆಚ್ಚಾಗಿ ಆಕ್ಷೇಪಿಸರು. ರಕ್ತದಲ್ಲಿ ಕೊಲೆಸ್ಟರಾಲ್ ಎಂಬ ಮೇದೋದ್ರವ್ಯವು ಹೆಚ್ಚಿದವನ ಸಂಗತಿ ಬೇರೆ. ಅವನ ಹಸಿವಿಗಾಗಲಿ ನಿದ್ರೆಗಾಗಲಿ ಕುಂದಿಲ್ಲ. ರಕ್ತನಾಳಗಳ ಒಳಗೋಡೆಯಲ್ಲಿ ವರ್ಷಾನುಗಟ್ಟಲೆ ನಿಶ್ಶಬ್ದವಾಗಿ ನಡೆದ ಸಂಚಯವು ಒಂದು ದಿನ ಹೃದಯಾಘಾತವಾಗಿ ಪ್ರಕಟವಾಗುವುದು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂಬ ಗಾದೆಯು ಇಲ್ಲಿ ಸಲ್ಲದು. ಈ ರೋಗಿಯು ತಾನು ರೋಗಿಯೆಂಬುದನ್ನೇ ಅರಿಯನು.

ಇದಕ್ಕೆ ಔಷಧವಿಲ್ಲವೆಂದಲ್ಲ. ಜಪಾನಿನ ವಿಜ್ಞಾನಿ ಅಕಿರಾ ಎಂಡೊ ಅವರು ಸುಮಾರು 6000 ಸೂಕ್ಷ್ಮಜೀವಿಗಳನ್ನು ಶೋಧಿಸಿ, 1973ರಲ್ಲಿ ಒಂದು ಬೂಷ್ಟಿನಿಂದ ಈ ವರ್ಗದ ಮೊದಲನೆಯ ದ್ರವ್ಯವನ್ನು ಪಡೆದರು. ಅದರ ಸಂತತಿಗೆ ಸ್ಟ್ಯಾಟಿನ್ ಎಂದು ಹೆಸರು. 1987ರಲ್ಲಿ ಲೊವಾಸ್ಟ್ಯಾಟಿನ್ ಅಮೇರಿಕಾ ದೇಶದಲ್ಲಿ ಮಾರಾಟಕ್ಕೆ ಬಂದಿತು. 1994ರಲ್ಲಿ ಸ್ಕ್ಯಾಂಡಿನೇವಿಯಾದ ವೈದ್ಯರು 4444 ಮಂದಿ ಹೃದ್ರೋಗಿಗಳ ಪರೀಕ್ಷೆಯ ಫಲವನ್ನು ಪ್ರಕಟಿಸಿದರು: ಸಿಮ್ವಾಸ್ಟ್ಯಾಟಿನ್ ಸೇವಿಸಿದವರಲ್ಲಿ ಮರಣವು ಶೇಕಡಾ 30ರಷ್ಟು ತಗ್ಗಿತ್ತು. ಅಂದಿನಿಂದ ಔಷಧದ ಗುಣದ ವಿಷಯದಲ್ಲಿ ಹೆಚ್ಚು ಸಂಶಯಕ್ಕೆ ಎಡೆಯುಳಿಯಲಿಲ್ಲ. ಉಳಿದುದು, ಅದನ್ನು ಯಾರು ಯಾರಿಗೆ ಕೊಡಬೇಕೆಂಬುದು.

ಈ ವಿಷಯದಲ್ಲಿ ಮೊದಲು ಸಾಹಸ ಮಾಡಿದವರು ಬ್ರಿಟನ್ನಿನವರು. 2004ರ ಜುಲೈ ತಿಂಗಳಿನಿಂದ 10 ಮಿಲಿಗ್ರಾಂ ಸಿಮ್ವಾಸ್ಟ್ಯಾಟಿನ್ ಗುಳಿಗೆಯನ್ನು ಔಷಧದ ಅಂಗಡಿಯವನೇ ನಾಲ್ಕು ಪ್ರಶ್ನೆಗಳನ್ನು ಕೇಳಿ ಕೊಡಬಹುದೆಂದಾಯಿತು. ರಕ್ತಪರೀಕ್ಷೆಯು ಕಡ್ಡಾಯವಲ್ಲ! ಹೃದ್ರೋಗದ ಭಯವು ಮಧ್ಯಮವಾಗಿರುವವರಿಗೆ ಮಾತ್ರ ಇದು ಸಲ್ಲುವುದೆಂದು ನಿಯಮ. ಆದರೆ ಅಂತಹವರಲ್ಲಿ ಅಷ್ಟು ಅಲ್ಪಮಾತ್ರೆಯು ಹೃದಯಾಘಾತವನ್ನು ತಪ್ಪಿಸುವುದೆಂದು ತೋರಿಸುವ ಪರೀಕ್ಷೆಯೇ ನಡೆದಿರಲಿಲ್ಲ. ಲ್ಯಾನ್ಸೆಟ್ ಎಂಬ ಪ್ರಸಿದ್ಧ ವೈದ್ಯಪತ್ರಿಕೆಯು ಆಗಲೇ ಇದನ್ನು ಖಂಡಿಸಿತು. ಸರಕಾರವು ತನ್ನ ಬೊಕ್ಕಸದ ಭಾರವನ್ನು ಪ್ರಜೆಯ ಕಿಸೆಗೆ ದಾಟಿಸುತ್ತಿರುವುದೆಂದು ಶಂಕಿಸಿದವರೂ ಉಂಟು. ಪೂರ್ಣ ಚಿಕಿತ್ಸೆಯೂ ಅಲ್ಲದ, ಚಿಕಿತ್ಸೆಯೇ ಇಲ್ಲವೆಂಬುದೂ ಅಲ್ಲದ ಈ ಏರ್ಪಾಡಿಗೆ ನಮ್ಮ ಶಾಸ್ತ್ರಕಾರರು ಅರ್ಧಜರತೀ ನ್ಯಾಯವೆಂದು ಹೆಸರಿಡುತ್ತಿದ್ದರು. ಕೆಲವು ವರ್ಷಗಳಲ್ಲಿ ಆ ಗುಳಿಗೆಯು ಅಂಗಡಿಗಳಿಂದ ಮರೆಯಾಯಿತು.

ಅಮೇರಿಕಾದವರು ಹೆಚ್ಚು ಹಟಮಾರಿಗಳು. ಲೊವಾಸ್ಟ್ಯಾಟಿನ್ನನ್ನು ಚೀಟಿಯಿಲ್ಲದೆ ಮಾರಲು ಅದರ ತಯಾರಕರು 2000, 2005, 2007ರಲ್ಲಿ ಮೂರಾವರ್ತಿ ಪ್ರಯತ್ನಿಸಿದರು. ತಜ್ಞರ ಮಂಡಲಿಯು ಮೂರಾವರ್ತಿಯೂ ಒಪ್ಪಲಿಲ್ಲ. 2005ರಲ್ಲಿ ವಿರೋಧವಾಗಿ 20 ಮತಗಳು, ಪರವಾಗಿ ಮೂರೇ. ಔಷಧವು ವಿಷವೆಂದು ಅವರು ಹೇಳಲಿಲ್ಲ. ಡಬ್ಬಿಯ ಮೇಲಿನ ಬರಹವನ್ನೋದಿ ಜನರು ತಮಗೆ ಅದು ತಕ್ಕುದೋ ಅಲ್ಲವೋ ಎಂದು ಸರಿಯಾಗಿ ನಿಶ್ಚಯಿಸಲಾರರೆಂದರು. ಅಟೊರ್ವಾಸ್ಟ್ಯಾಟಿನ್ನಿನ ತಯಾರಕರು ಸುಮಾರು 1200 ಮಂದಿಯಲ್ಲಿ ಇದೇ ಪ್ರಯೋಗವನ್ನು ನಡೆಸಿ 2015ರಲ್ಲಿ ಕೈಬಿಟ್ಟರು. ಸೇವಿಸಿದವರು ಮತ್ತೆ ರಕ್ತಪರೀಕ್ಷೆ ಮಾಡಿಸಿಕೊಂಡು ಅದರಂತೆ ನಡೆಯಬೇಕೆಂಬ ಸೂಚನೆಯು ಸರಿಯಾಗಿ ಪಾಲನೆಯಾಗಲಿಲ್ಲ.

ಇದರ ನಡುವೆ ಒಂದು ವಿನೋದ. ಚೀನದೇಶದಲ್ಲಿ ಅನ್ನದ ಮೇಲೆ ಕೆಂಪು ಬೂಷ್ಟನ್ನು ಬೆಳೆಸಿ ತಯಾರಿಸುವ ಪದಾರ್ಥವೊಂದುಂಟು (ನಮ್ಮ ಕರಾವಳಿಯ ಕುಚ್ಚಲಕ್ಕಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ). ಅದರಲ್ಲಿರುವ ಮುಖ್ಯ ದ್ರವ್ಯವು ಸಾಕ್ಷಾತ್ ಲೊವಾಸ್ಟ್ಯಾಟಿನ್ನೇ. ತಜ್ಞರು ಮುಂಬಾಗಿಲಲ್ಲಿ ತಡೆದ ಔಷಧವು ಪೋಷಕಾಹಾರವೆಂಬ ಹೆಸರಿನಲ್ಲಿ, ಮಾತ್ರೆಯ ನಿಶ್ಚಯವೂ ಇಲ್ಲದೆ, ಹಿತ್ತಿಲ ಬಾಗಿಲಿನಿಂದ ಒಳಹೊಕ್ಕಿತು.

ಚೀಟಿ ಬೇಡವೆನ್ನುವವರ ಮಾತನ್ನು ಲೋಭವೆಂದು ತಳ್ಳಿಬಿಡುವುದು ಅನ್ಯಾಯ. ವೈದ್ಯರ ದರ್ಶನಕ್ಕೆ ಹಣವೋ ಬಿಡುವೋ ಇಲ್ಲದೆ, ರಕ್ಷಿಸಬಹುದಾಗಿದ್ದ ಗೃಹಸ್ಥನು ಐವತ್ತರಲ್ಲಿಯೇ ಕಣ್ಮರೆಯಾದರೆ, ಚೀಟಿಯ ಪಾವಿತ್ರ್ಯದಿಂದ ಅವನ ಮಕ್ಕಳಿಗೆ ಆಗುವ ಉಪಕಾರವೇನು? ಆದರೆ ಎದುರು ವಾದವೂ ಬಲವಾದುದೇ. ಈ ಗುಳಿಗೆಗಳು ಕೆಲವರಲ್ಲಿ ಮಾಂಸಖಂಡಗಳ ನೋವನ್ನು ತರುವುವು; ಅತ್ಯಪೂರ್ವವಾಗಿ ಮಾಂಸಖಂಡವೇ ಕ್ಷಯಿಸಿ ಮೂತ್ರಪಿಂಡಕ್ಕೆ ಹಾನಿ ತಟ್ಟುವುದು. ಇದೇ ಕಾರಣದಿಂದ ಸೆರಿವಾಸ್ಟ್ಯಾಟಿನ್ನನ್ನು 2001ರಲ್ಲಿ ಹಿಂದೆಗೆದುಕೊಂಡರು. ಸಿಮ್ವಾಸ್ಟ್ಯಾಟಿನ್ ಸೇವಿಸುವವನು ಕ್ಲಾರಿತ್ರೊಮೈಸಿನ್ ಎಂಬ ಸಾಮಾನ್ಯ ಔಷಧವನ್ನು ಜೊತೆಗೆ ನುಂಗಿದರೆ ಅಪಾಯವು ಹೆಚ್ಚುವುದು. ಇದಕ್ಕಿಂತಲೂ ಚಿಂತೆಗೆ ಕಾರಣವಾದುದು, ಪೂರ್ಣ ಮಾತ್ರೆ ಬೇಕಾದವನು ಅಲ್ಪಮಾತ್ರೆಯಿಂದ ತೃಪ್ತನಾಗಿ ರಕ್ತದೊತ್ತಡವನ್ನೂ ಮಧುಮೇಹವನ್ನೂ ನೋಡಿಸಿಕೊಳ್ಳದೆ ಉಳಿಯುವುದು. ಗುಳಿಗೆಯಿದೆಯೆಂಬ ಧೈರ್ಯದಿಂದ ಪಥ್ಯವನ್ನು ಬಿಡುವವರ ಮಾತು ಬೇರೆ.

2024ರಲ್ಲಿ ಪ್ರಕಟವಾದ ಪ್ರಯೋಗವೊಂದು ವಾದಕ್ಕೆ ಹೊಸ ತಿರುವನ್ನು ಕೊಟ್ಟಿತು. ಅಮೇರಿಕಾದ 1196 ಮಂದಿ ಅಂತರ್ಜಾಲದ ಪ್ರಶ್ನಾವಳಿಗೆ ಉತ್ತರಿಸಿ, ಯಂತ್ರವು ಒಪ್ಪಿದ ಮೇಲೆ ರೊಸುವಾಸ್ಟ್ಯಾಟಿನ್ ಪಡೆದರು. ಯಂತ್ರದ ನಿರ್ಣಯವೂ ವೈದ್ಯರ ನಿರ್ಣಯವೂ ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಪಾಲು ಹೊಂದಿಕೊಂಡವು. ಡಬ್ಬಿಯ ಬರಹಕ್ಕಿಂತ ಪ್ರಶ್ನಿಸುವ ಯಂತ್ರವು ಮೇಲೆಂಬುದನ್ನು ಒಪ್ಪಬೇಕಾದುದೇ. ಆದರೂ ಆ ಪ್ರಶ್ನಾವಳಿಯು ಕೊಲೆಸ್ಟರಾಲಿನ ಪ್ರಮಾಣವನ್ನೂ ರಕ್ತದೊತ್ತಡವನ್ನೂ ಕೇಳುವುದು. ಆ ಅಂಕೆಗಳನ್ನು ತಿಳಿದುಕೊಳ್ಳಲು ಹೆಚ್ಚಿನವರು ಹೋಗುವುದು ವೈದ್ಯರ ಬಳಿಗೇ.